ಆಜ್ಞಾರ್ಥ ಮತ್ತು ಜೋಡಿಪಟ್ಟಿಯ ಮಿತಿ: ಔಪಚಾರಿಕ ಕ್ಯಾಂಟನೀಸ್ ಬೋಧನೆಯ ಒಂದು ವಿಮರ್ಶೆ

ಹಾಂಗ್‌ಕಾಂಗ್‌ನಲ್ಲಿ ಚೀನೀ ಭಾಷೆಗೆ ಅಧಿಕೃತ ಸ್ಥಾನ ದೊರೆತದ್ದು 1974ರಲ್ಲಿ. ಅಲ್ಲಿನ ಆಡಳಿತಾತ್ಮಕ ಆಜ್ಞೆಗಳು ಕ್ಯಾಂಟನೀಸ್ ಉಚ್ಚಾರಣೆಯಲ್ಲಿ ಕೇಳಿಬಂದರೂ ಅವುಗಳ ಪದಸಂಪತ್ತು ಬಹುಮಟ್ಟಿಗೆ ಬರಹದ ಚೀನೀ ಭಾಷೆಯದು. ಈ ಅಂತರವನ್ನು ಪರಭಾಷಿಕರಿಗೆ ಕಲಿಸಲು ರೂಢಿಯಲ್ಲಿರುವ ಒಂದು ಸಾಧನವೆಂದರೆ ಆಡುರೂಪದೆದುರು ಔಪಚಾರಿಕ ರೂಪವನ್ನಿರಿಸುವ ಜೋಡಿಪಟ್ಟಿ. ಆಜ್ಞಾರ್ಥದ ಮಟ್ಟಿಗೆ ಈ ಸಾಧನ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ.

ಮೆಟ್ರೋ ರೈಲಿನ ಪ್ರಕಟಣೆಯನ್ನು ಗಮನಿಸಬಹುದು: 'ಚಿಂಗ್ ಮತ್ ಕಾವ್ ಗನ್ ಚೆ ಮುನ್', ಅಂದರೆ 'ದಯವಿಟ್ಟು ಬಾಗಿಲ ಸಮೀಪಕ್ಕೆ ಬರಬೇಡಿ' (ಇಲ್ಲಿ ಟೋನ್ ಗುರುತುಗಳನ್ನು ಕೈಬಿಡಲಾಗಿದೆ). ನಿಷೇಧವಾಚಕ 'ಮತ್' ಪ್ರಾಚೀನ ಚೀನೀ ಭಾಷೆಯ ಉಳಿಕೆ. ಆಡುಮಾತಿನಲ್ಲಿ ಅದರ ಕಾರ್ಯವನ್ನು 'ಮ್ ಹೋ' ಅಥವಾ 'ಮೈ' ನಿರ್ವಹಿಸುತ್ತವೆ. ಅಂತೆಯೇ ಧೂಮಪಾನ ನಿಷೇಧವು ಫಲಕದಲ್ಲಿ 'ಬತ್ ಜೊನ್ ಕಪ್ ಯಿನ್', ಮಾತಿನಲ್ಲಿ 'ಮ್ ಜೊನ್ ಸಿಕ್ ಯಿನ್'. ಮೊದಲನೆಯದರಲ್ಲಿ ಹೊಗೆಯನ್ನು ಒಳಗೆಳೆದುಕೊಳ್ಳುವ ಕ್ರಿಯಾಪದ, ಎರಡನೆಯದರಲ್ಲಿ 'ತಿನ್ನು'ವ ಕ್ರಿಯಾಪದ. ನಕಾರವೂ ಕ್ರಿಯಾಪದವೂ ಒಟ್ಟಿಗೆ ಬದಲಾಗಿವೆ. ಜೊತೆಗೆ, ಆಡುಮಾತಿನ ಆಜ್ಞೆಯ ಧಾಟಿಯನ್ನು ಸೂಚಿಸುವ 'ಲಾ', 'ಆ' ಮೊದಲಾದ ವಾಕ್ಯಾಂತ್ಯ ಅವ್ಯಯಗಳು ಫಲಕದ ಭಾಷೆಯಲ್ಲಿಲ್ಲ. ಪದಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಪಟ್ಟಿಯಲ್ಲಿ ಈ ಸಹಪ್ರಯೋಗವೂ ಕಾಣದು, ಈ ಲೋಪವೂ ಕಾಣದು.

ಇನ್ನೂ ಗಂಭೀರವಾದ ದೋಷವೆಂದರೆ 'ಅಧಿಕೃತ' ಮತ್ತು 'ಔಪಚಾರಿಕ' ಎಂಬ ಎರಡು ವರ್ಗಗಳನ್ನು ಒಂದೆಂದು ಭಾವಿಸುವುದು. ಹಾಂಗ್‌ಕಾಂಗ್ ಚಲನಚಿತ್ರಗಳಿಂದ ಪರಿಚಿತವಾದ, ಪೊಲೀಸರ ಬಾಯಲ್ಲಿ ಬರುವ 'ಮೈ ಯುಕ್' (ಅಲುಗಾಡಬೇಡ) ಅಧಿಕಾರದ ಮಾತು. ಭಾಷೆ ಮಾತ್ರ ಅಪ್ಪಟ ಆಡುನುಡಿ. ಅದೇ ಪೊಲೀಸರು ಜನಸಂದಣಿಯೆದುರು ಎತ್ತಿ ಹಿಡಿಯುವ ಬಾವುಟದಲ್ಲಿ, ನುಗ್ಗುವುದನ್ನು ನಿಲ್ಲಿಸದಿದ್ದರೆ ಬಲಪ್ರಯೋಗವಾಗುವುದೆಂಬ ಎಚ್ಚರಿಕೆ 'ಫವ್ ಜಕ್' (ಇಲ್ಲವಾದರೆ) ಎಂಬ ಗ್ರಾಂಥಿಕ ಪದವನ್ನು ಆಶ್ರಯಿಸುತ್ತದೆ. ಎಂದರೆ ಶೈಲಿಯನ್ನು ನಿರ್ಧರಿಸುವುದು ಆಜ್ಞಾಪಕನ ಪದವಿಯೊಂದೇ ಅಲ್ಲ. ಆಜ್ಞೆ ತಲುಪುವ ಮಾಧ್ಯಮವೂ ಹೌದು.

ಮೂರನೆಯದಾಗಿ, ಜೋಡಿಪಟ್ಟಿ ಕಲಿಯುವವನನ್ನು ವಕ್ತೃವೆಂದು ಕಲ್ಪಿಸುತ್ತದೆ. ವಾಸ್ತವದಲ್ಲಿ ಆತ ಈ ಆಜ್ಞೆಗಳ ಶ್ರೋತೃ. 'ಮತ್' ಎಂಬುದನ್ನು ಸ್ವತಃ ನುಡಿಯುವ ಸಂದರ್ಭ ಅವನಿಗೆ ಒದಗುವುದೇ ವಿರಳ. ಧ್ವನಿವರ್ಧಕದ ಒಂದೇ ಉಚ್ಚಾರಣೆಯಲ್ಲಿ, ಲಿಪಿಯ ನೆರವಿಲ್ಲದೆ, 'ಫವ್ ಜಕ್' ಗ್ರಹಿಸಲಾರದವನಿಗೆ ತಾನು ಕೇಳಿದ್ದು ಷರತ್ತಿನ ಎಚ್ಚರಿಕೆಯೆಂಬುದೇ ತಿಳಿಯದು. ಆದ್ದರಿಂದ ಪಠ್ಯವಸ್ತುವನ್ನು ಫಲಕ, ಪ್ರಕಟಣೆ, ಮುಖಾಮುಖಿ ಆಜ್ಞೆ ಎಂಬ ಕ್ರಮದಲ್ಲಿ ವಿಂಗಡಿಸಿ, ಪೂರ್ಣ ವಾಕ್ಯಗಳ ಶ್ರವಣಗ್ರಹಿಕೆಯನ್ನು ಮೊದಲು ಪರೀಕ್ಷಿಸುವುದು ಯುಕ್ತ. ಜೋಡಿಪಟ್ಟಿಯ ಸ್ಥಾನ ಅದರ ನಂತರದ್ದು.