ಆಡುಸೋಗೆ: ಎಷ್ಟು, ಯಾರಿಗೆ?

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆಡುಸೋಗೆಯ ಮುಂದೆ ಆ ಗಾದೆ ಸೋಲುತ್ತದೆ. ಅದಕ್ಕೇ ಅದು ಬೇಲಿಗೆ ಹೇಳಿ ಮಾಡಿಸಿದ ಗಿಡ. ಬೇಲಿಯಿಂದ ನಾಲ್ಕೆಲೆ ಕಿತ್ತು, ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕೆಮ್ಮಿಗೆ ಕೊಡುವ ರೂಢಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಆಲ್ಕಲಾಯ್ಡಿನ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಹುಟ್ಟಿತು. ಅದು ದೇಹದೊಳಗೆ ಮಾರ್ಪಟ್ಟಾಗ ಸಿಗುವುದು ಆಂಬ್ರೊಕ್ಸಾಲ್. ಸೊಪ್ಪಿನ ಮದ್ದೆಂದರೆ ಮೂಗು ಮುರಿಯುವವರು ಕಫ ಕರಗಲೆಂದು ಮೆಡಿಕಲ್ ಶಾಪಿನಿಂದ ತರುವ ಎಷ್ಟೋ ಸಿರಪ್‌ಗಳಲ್ಲಿ ಇರುವುದು ಇವೇ.

ಹಾಗೆಂದು ಈ ವಂಶಾವಳಿಯೇ ಕಷಾಯಕ್ಕೆ ಸರ್ಟಿಫಿಕೇಟ್ ಆಗದು. ಬಾಟಲಿಯ ಮೇಲೆ ಮಿಲಿಗ್ರಾಂ ಲೆಕ್ಕವಿರುತ್ತದೆ. ಎಲೆಯ ಸತ್ವವೋ ಮಣ್ಣು, ಋತು, ಬಲಿತದ್ದೋ ಎಳೆಯದೋ ಎಂಬುದರ ಮೇಲೆ ಏರಿಳಿಯುತ್ತದೆ. ಭಾರತದ ಆಯುರ್ವೇದ ಫಾರ್ಮಕೊಪಿಯಾ ಎಲೆಯ ರಸಕ್ಕೆ 10ರಿಂದ 20 ಮಿ.ಲೀ. ಎಂದು ಮಿತಿ ಹಾಕಿದೆ. ಮನೆಗಳಲ್ಲಿ ಅಳತೆ ‘ಒಂದು ಹಿಡಿ’. ಯಾರ ಹಿಡಿ?

ನನ್ನ ದೊಡ್ಡ ತಕರಾರು ಬಸುರಿಯರ ವಿಷಯದಲ್ಲಿ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದು. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ಸಿ.ಕೆ. ಅಟಲ್ 1980ರಲ್ಲಿ ಹೊರತಂದ ಪುಸ್ತಕ ಇದನ್ನು ಹೆರಿಗೆ ಮತ್ತು ಗರ್ಭಪಾತದ ಔಷಧವಾಗಬಲ್ಲ ವಸ್ತುವೆಂದೇ ಪರಿಗಣಿಸಿತ್ತು. ಪ್ರಯೋಗಾಲಯ ಆಸೆಯಿಂದ ನೋಡಿದ ಆ ಗುಣವೇ ಅಡುಗೆಮನೆಯಲ್ಲಿ ಅಪಾಯ. ಇಂಗ್ಲಿಷ್ ಔಷಧ ಬಸಿರಿಗೆ ಆಗದೆಂದು ಹೆದರಿ, ‘ಸೊಪ್ಪು ತಾನೆ’ ಎಂದು ಲೋಟ ಹಿಡಿಸುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹಸುಗೂಸುಗಳಿಗೆ ನೆಕ್ಕಿಸುವಾಗ ಜೇನುತುಪ್ಪವೇ ಕಂಟಕ: ವರ್ಷ ತುಂಬದ ಮಗುವಿಗೆ ಅದರಿಂದ ಬಾಟ್ಯುಲಿಸಂ ತಗಲಬಹುದು. (ಇದರಲ್ಲಿ ಆಡುಸೋಗೆಯ ತಪ್ಪೇನಿಲ್ಲ.)

ಇನ್ನೊಂದು ತೊಡಕು, ಗಿಡ ಕೆಲಸ ಮಾಡುವುದರಿಂದಲೇ ಬರುವಂಥದು. ಹಳೆಯ ವೈದ್ಯಗ್ರಂಥಗಳು ಕೆಮ್ಮು, ರಕ್ತಪಿತ್ತಗಳ ಜೊತೆಗೆ ಕ್ಷಯಕ್ಕೂ ಇದನ್ನು ಹೊಗಳಿವೆ. ಕಫ ಸಡಿಲವಾಗಿ ಎದೆ ಹಗುರಾದರೆ ರೋಗಿ ವಾಸಿಯಾಯಿತೆಂದುಕೊಳ್ಳುತ್ತಾನೆ. ಕ್ಷಯದ ಬ್ಯಾಕ್ಟೀರಿಯಾ ಒಳಗೇ ಬೆಳೆಯುತ್ತಿರುತ್ತದೆ, ಮನೆಮಂದಿಗೂ ಹರಡುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ, ಕಫದಲ್ಲಿ ರಕ್ತ ಕಂಡರಂತೂ ತಕ್ಷಣ, ಬೇಕಾದದ್ದು ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಪರೀಕ್ಷೆಯೂ ಮಾತ್ರೆಯೂ ಉಚಿತ.