ಕನ್ನಡಿ ಐತಿ ಅಂದ ಮಾತು

ನಾನು ಹತ್ತು ವರ್ಷದವನಿದ್ದಾಗ ಅಪ್ಪನ ಕೂಡ ಸೋಲಾಪುರದ ಗಡ್ಡಾ ಜಾತ್ರಿಗೆ ಹೋಗಿದ್ದೆ. ಅಲ್ಲೊಂದು ಡೇರೆಯೊಳಗ ಮೇಜಿನ ಮ್ಯಾಲ ಒಬ್ಬ ಹುಡುಗಿಯ ತಲೆಯಷ್ಟೇ ಇತ್ತು, ಮೈ ಇರಲಿಲ್ಲ. ತಲೆ ಮಾತಾಡತಿತ್ತು! ಮೇಜಿನ ಕಾಲುಗಳ ನಡುವ ಕನ್ನಡಿ ನಿಲ್ಲಿಸಿದ್ದು ನನ್ನ ಕಣ್ಣಿಗೆ ಬಿತ್ತು. ಅದು ಪಕ್ಕದ ಬಟ್ಟೆಯನ್ನು ತೋರಿಸಿ ಹಿಂದಿನ ಬಟ್ಟೆ ಅನ್ನಿಸತಿತ್ತು. ಹುಡುಗಿ ಅದರ ಮರೆಗೆ ಕೂತಿದ್ದಳು. "ಕನ್ನಡಿ ಐತಿ, ಎಲ್ಲಾ ಮೋಸ!" ಅಂತ ಒದರಿದೆ. ಮಂದಿ ನಕ್ಕೊಂತ ಹೊರಗ ನಡೆದರು. ಆ ಹುಡುಗಿ ತಲೆ ತಗ್ಗಿಸಿದ್ದು ನನಗಿನ್ನೂ ನೆನಪೈತಿ.

ಮೊನ್ನೆ ಮೊಮ್ಮಗ ಮೊಬೈಲಿನಾಗ ಅಮೆರಿಕದ ಡಿಸ್ನಿಲ್ಯಾಂಡಿನ 'ಹಾಂಟೆಡ್ ಮ್ಯಾನ್ಷನ್' ತೋರಿಸಿದ. ಕ್ಯಾಲಿಫೋರ್ನಿಯಾದ ಅನಹೈಮ್ ಊರಾಗ 1969ರಲ್ಲಿ ತೆರೆದ ದೆವ್ವದ ಮನಿ ಅದು. ದೊಡ್ಡ ಹಜಾರದಾಗ ದೆವ್ವಗಳು ಜೋಡಿ ಜೋಡಿಯಾಗಿ ಕುಣಿತಾವ, ಅವುಗಳ ಮೈ ತೂರಿ ಹಿಂದಿನ ಸಾಮಾನು ಕಾಣತಾವ. ಅದು ಸಿನಿಮಾ ಅಲ್ಲ. ನೋಡುವವರ ಮುಂದ ಭಾರಿ ಗಾಜು ನಿಲ್ಲಿಸ್ಯಾರ. ಗೊಂಬೆಗಳು ಇರೋದು ನಮ್ಮ ಕಣ್ಣಿಗೆ ಬೀಳದ ಕತ್ತಲ ಜಾಗದಾಗ. ಗೊಂಬಿಗೆ ಬೆಳಕು ಬಿದ್ದರ ಗಾಜಿನಾಗ ಬಿಂಬ ಮೂಡತೈತಿ, ಬೆಳಕು ಆರಿದರ ದೆವ್ವ ಮಾಯ. ರಾತ್ರಿ ಎಸ್‌ಟಿ ಬಸ್ಸಿನ ಕಿಟಕಿಯಾಗ ನಮ್ಮ ಮುಖ ಹೊರಗಿನ ಜ್ವಾಳದ ಹೊಲದ ಮ್ಯಾಲ ತೇಲೋದನ್ನ ನೀವೂ ನೋಡೀರಿ, ಅದೇ ಇದು. ಲಂಡನ್ನಿನಾಗ ಪೆಪ್ಪರ್ ಎಂಬುವರು 1862ರಲ್ಲೇ ಇದನ್ನ ರಂಗದ ಮ್ಯಾಲ ತೋರಿಸಿದ್ದರು.

ಇದರಾಗ ಒಂದು ಊನ ಐತಿ. ಬಿಂಬದಾಗ ಎಡ ಬಲ ಅದಲುಬದಲಾಗತಾವ. ಆ ದೇಶದ ಜೋಡಿ ಕುಣಿತದಾಗ ಗಂಡಸು ನಡೆಸಬೇಕು; ಇಲ್ಲಿ ಹೆಂಗಸರು ನಡೆಸತಾರ. ನನಗಂತೂ ಆ ಊನವೇ ಪ್ರೀತಿ. ಮನುಷ್ಯರ ಕೈ ಮುಟ್ಟಿದ ಕೆಲಸ ಅನ್ನೋದಕ್ಕ ಅದು ಸಾಕ್ಷಿ.

ನನಗ ಎಲ್ಲಕ್ಕಿಂತ ಹಿಡಿಸಿದ್ದು ಮೊದಲಿನ ಕೋಣೆ. ಆಟದ ದೊಡ್ಡ ಕಟ್ಟಡ ಇರೋದು ಉದ್ಯಾನದ ರೈಲು ಹಳಿಯ ಆಚೆ. ಮಂದಿಯನ್ನ ಹಳಿಯ ಕೆಳಗಿಂದ ದಾಟಿಸಬೇಕು, ಅದಕ್ಕ ನೆಲದೊಳಗ ಇಳಿಸಬೇಕು. ಅವರು ಕೋಣೆಯನ್ನೇ ಲಿಫ್ಟ್ ಮಾಡ್ಯಾರ. ನೆಲ ಇಳಿದಂಗ ಗ್ವಾಡಿ ಮ್ಯಾಲಿನ ಚಿತ್ರಗಳು ಉದ್ದಾಗತಾವ; ಛತ್ತೇ ಮ್ಯಾಲ ಹೋತು ಅಂತ ಮಂದಿ ಬಾಯಿ ತೆರೀತಾರ. ಅಡಚಣಿಯನ್ನೇ ಆಟ ಮಾಡಿದ ಬುದ್ಧಿಗೆ ಶಹಬ್ಬಾಸ್ ಅನ್ನಬೇಕು.

ಗುಟ್ಟು ತಿಳಿದರ ರುಚಿ ಹೋಗತೈತಿ ಅನ್ನೋರು ಇದ್ದಾರ. ನಮ್ಮ ಸಣ್ಣಾಟದಾಗ ಮೀಸಿ ತಗದು ಸೀರಿ ಉಟ್ಟವ ಯಾರು ಅಂತ ಊರಿಗೆಲ್ಲ ಗೊತ್ತಿರತೈತಿ. ಆದರೂ ಅವ ದುಃಖದ ಪದ ಎತ್ತಿದರ ಅವ್ವಂದಿರು ಕಣ್ಣು ಒರಸಿಕೊಳ್ಳತಾರ. ಮೋಸ ಅಂದರ ತೂಕದಾಗ ಕಡಿಮಿ ಕೊಡೋದು. ಬೆರಗು ಕೊಡತೀನಿ ಅಂತ ರೊಕ್ಕ ಇಸಗೊಂಡು ಬೆರಗನ್ನೇ ಕೊಟ್ಟವರದು ಮೋಸ ಹೆಂಗಾದೀತು?

ಬರೋ ಸಂಕ್ರಾಂತಿಗೆ ಮೊಮ್ಮಗನನ್ನ ಜಾತ್ರಿಗೆ ಕರಕೊಂಡು ಹೋಗಾವ. ಅಂಥ ಡೇರೆ ಇದ್ದರ ಕನ್ನಡಿ ಎಲ್ಲೈತಿ ಅಂತ ಅವನ ಕಿವಿಯಾಗಷ್ಟೇ ಹೇಳತೀನಿ. ಅದರ ಮ್ಯಾಲ ಒಂದು ಬೆರಳಿನ ಗುರುತೂ ಬೀಳದಂಗ ಒರಸಿ ಇಟ್ಟಾರ ನೋಡು ಅಂತನೂ ಹೇಳತೀನಿ.