ಜಮ್ಮವೆಂಬ ಮಾತು

ಕೊಡಗನ್ನು ಕುರಿತು ಬರೆದ ರಿಕ್ಟರ್, ರೈಸ್ ಮುಂತಾದ 19ನೆಯ ಶತಮಾನದ ಗ್ರಂಥಕಾರರು ಇಲ್ಲಿಯ ಆಳುಗಳಲ್ಲಿ ಎರಡು ಬಗೆಯನ್ನು ಹೇಳಿದ್ದಾರೆ. ಭೂಮಿಯೊಡನೆ ಮಾತ್ರ ಕೈಬದಲಾಗತಕ್ಕವನು ಭೂಮಿ ಜಮ್ಮದ ಆಳು. ಒಡೆಯನು ಮನಬಂದಂತೆ ಮಾರಲೂ ಒತ್ತೆಯಿಡಲೂ ಬಹುದಾದವನು ಒಕ್ಕಲು ಜಮ್ಮದ ಆಳು. ವಾಚಕರು ಈ ಹೆಸರುಗಳನ್ನು ತುಸು ನಿಂತು ನೋಡಬೇಕು. ಜಮ್ಮವೆಂಬುದು ಗದ್ದೆಯ ಒಡೆಯನಿಗೆ ವಂಶಪಾರಂಪರ್ಯದ ಹಕ್ಕು, ಮನೆತನದ ಮಾನ. ಆ ಗದ್ದೆಯನ್ನುಳುವ ಎರವನಿಗೆ ಅದೇ ಮಾತು ಹುಟ್ಟಿನೊಡನೆ ಬಂದ ಸಂಕೋಲೆ. ಈ ವರ್ಗೀಕರಣವೆಲ್ಲ ಒಡೆಯನ ಜಗಲಿಯಿಂದ ಮಾಡಿದುದು.

ಇದಕ್ಕೆದುರಾಗಿ ಅಮೆರಿಕದ ಚರಿತ್ರೆಯನ್ನಿಟ್ಟು ನೋಡಬಹುದು. ಗುಲಾಮನು ಸ್ವತ್ತೋ ಮನುಷ್ಯನೋ ಎಂಬ ಪ್ರಶ್ನೆಯನ್ನು ಅಲ್ಲಿಯ ರಾಜಕೀಯ ಪಕ್ಷಗಳು ಬಹುಕಾಲ ಮುಚ್ಚಿಟ್ಟಿದ್ದುವು. 1854ರ ಕಾನ್ಸಾಸ್-ನೆಬ್ರಾಸ್ಕ ಶಾಸನವು ಆ ಹೊಸ ಪ್ರಾಂತಗಳಲ್ಲಿ ಇದರ ನಿರ್ಣಯವನ್ನು ನಿವಾಸಿಗಳಿಗೇ ಬಿಟ್ಟಾಗ ವಿಗ್ ಪಕ್ಷವು ಉತ್ತರ ದಕ್ಷಿಣವಾಗಿ ಸೀಳಿ ಅಳಿಯಿತು. ಉತ್ತರದವರಲ್ಲನೇಕರು ಆ ವರ್ಷವೇ ಹುಟ್ಟಿದ ರಿಪಬ್ಲಿಕನ್ ಪಕ್ಷವನ್ನು ಸೇರಿದರು. 1860ರಲ್ಲಿ ಚಾರ್ಲ್ಸ್‌ಟನ್ ಅಧಿವೇಶನದಿಂದ ದಕ್ಷಿಣದ ಪ್ರತಿನಿಧಿಗಳು ಎದ್ದುಹೋದರು. ಡೆಮೊಕ್ರಾಟಿಕ್ ಪಕ್ಷವೂ ಎರಡಾಯಿತು. ನೂರಕ್ಕೆ ಸುಮಾರು 40 ಮತಗಳಿಂದಲೇ ಲಿಂಕನ್ ಗೆದ್ದನು. ಬಳಿಕ ಯುದ್ಧ, 1865ರಲ್ಲಿ ದಾಸ್ಯದ ನಿಷೇಧ.

ನಮ್ಮಲ್ಲಿ ಇದಕ್ಕಾಗಿ ಪಕ್ಷವೊಡೆಯಲಿಲ್ಲ, ರಕ್ತ ಹರಿಯಲಿಲ್ಲ. ಇದನ್ನು ನಾಡಿನ ಸೌಮ್ಯತೆಯೆಂದು ಹೊಗಳುವುದು ಯುಕ್ತವಲ್ಲ. ಕೊಡಗು ಕಂಪನಿಯ ಕೈಸೇರಿದುದು 1834ರಲ್ಲಿ. 1843ರ ಐದನೆಯ ಶಾಸನವು ಕಲ್ಕತ್ತೆಯಿಂದ ಬಂದಿತು. ದಾಸನ ಮೇಲಣ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಲಾಗದೆಂದು ಅದು ವಿಧಿಸಿತು. ಆಳನ್ನು ಬಿಡಬೇಕೆಂದು ಒಡೆಯನಿಗೆ ಆಜ್ಞಾಪಿಸಲಿಲ್ಲ. ಗುಲಾಮರ ಕ್ರಯವಿಕ್ರಯವು ದಂಡನೀಯವಾದುದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದಾಗ. ವಾದಿಸಲು ಶಾಸನಸಭೆಯಿರಲಿಲ್ಲ, ಮತದಾನವಿರಲಿಲ್ಲ. ತಾನು ಯಾವ ಪಕ್ಷವೆಂದು ಯಾವ ಮನೆಯವರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆದುದರಿಂದ ಕಟ್ಟು ಹರಿಯದೆ ಹೆಸರು ಬದಲಾಯಿತು: ಜಮ್ಮದ ಆಳು ಸಾಲದ ಆಳಾದನು, ಗದ್ದೆಯಿಂದ ಕಾಫಿ ತೋಟದ ಲೈನುಮನೆಗೆ ಬಂದನು. ಜೀತಪದ್ಧತಿಯನ್ನು ರದ್ದುಪಡಿಸಲು ದೇಶಕ್ಕೆ 1976ರಲ್ಲಿಯೂ ಒಂದು ಶಾಸನ ಬೇಕಾಯಿತು.

ಅಮೆರಿಕದವರು ನಮಗಿಂತ ಸಜ್ಜನರೆಂದು ಇದರ ಅರ್ಥವಲ್ಲ. ಯುದ್ಧಾನಂತರವೂ ಅಲ್ಲಿ ವರ್ಣದ್ವೇಷವು ಉಳಿಯಿತು. ಆದರೆ ಆ ಕಲಹದ ನಡುವೆ, ದಾಸನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸನು 1845ರಲ್ಲಿ ತನ್ನ ಚರಿತ್ರೆಯನ್ನು ತಾನೇ ಬರೆದು ಪ್ರಕಟಿಸಿದನು. ಕೊಡಗಿನ ಚರಿತ್ರಕಾರರು ಜಮ್ಮದ ಅಧ್ಯಾಯವನ್ನು ಬರೆಯುವಾಗ ಎರವರ ಹಿರಿಯರ ನೆನಪನ್ನೂ ಹಾಡನ್ನೂ ದಸ್ತಾವೇಜುಗಳೊಡನೆ ಸಮನಾಗಿ ಎಣಿಸತಕ್ಕದ್ದು. ಅಲ್ಲಿಯವರೆಗೆ ಆ ಅಧ್ಯಾಯವು ಅರ್ಧವೇ ಬರೆದುದಾಗಿರುವುದು.